ಔಷಧಿಗೆ ಹಣವಿದೆ, ಬಾಗಿಲಿಗೆ ಇಲ್ಲ

ದಾವಣಗೆರೆಯಲ್ಲಿ ಮನೆ ಕಂದಾಯ ಕಟ್ಟಿದವರ ಲೆಕ್ಕದಲ್ಲಿ ಗ್ರಂಥಾಲಯ ಕರ, ಭಿಕ್ಷುಕರ ಕರಗಳ ಜೊತೆಗೆ ಶೇ 15ರ ಆರೋಗ್ಯ ಕರವೂ ಸೇರಿರುತ್ತದೆ. ಈ ದುಡ್ಡು ನಮ್ಮೂರಿನ ಆಸ್ಪತ್ರೆಗೇ ಹೋಗುತ್ತದೆ ಎಂದು ನಂಬಿದವರು ನನ್ನ ಪರಿಚಯದವರಲ್ಲೇ ಬಹಳ ಮಂದಿ. ವಾಸ್ತವದಲ್ಲಿ ಪಾಲಿಕೆ ಅದನ್ನು ವಸೂಲಿ ಮಾಡಿ ರಾಜ್ಯ ಸರ್ಕಾರಕ್ಕೆ ಕಟ್ಟುತ್ತದೆ. ಹಾಗಾದರೆ ಲೈಂಗಿಕ ಆರೋಗ್ಯ ಸೇವೆಗಳಿಗೆ ನಮ್ಮ ಜಿಲ್ಲೆಯಲ್ಲಿ ಹಣ ಎಲ್ಲಿಂದ ಬರುತ್ತದೆ, ಅದರಲ್ಲಿ ಎಷ್ಟರ ಮೇಲೆ ನಮಗೆ ಅಧಿಕಾರವಿದೆ ಎಂಬುದನ್ನು, ಸರ್ಕಾರಿ ಆಸ್ಪತ್ರೆಯ ಆಗುಹೋಗು ನೋಡಿಕೊಳ್ಳುವ ಆರೋಗ್ಯ ರಕ್ಷಾ ಸಮಿತಿಯೊಂದರಲ್ಲಿ ಕೆಲಕಾಲ ಸದಸ್ಯನಾಗಿದ್ದವನಾಗಿ, ಇಲ್ಲಿ ಬರೆಯಲು ಯತ್ನಿಸುತ್ತೇನೆ.

ದೊಡ್ಡ ಹಣ ದೆಹಲಿಯದು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಕಾರ್ಯಕ್ರಮದ ಐದನೇ ಹಂತಕ್ಕೆ, ಅಂದರೆ 2021ರಿಂದ 2026ರವರೆಗಿನ ಅವಧಿಗೆ, ಕೇಂದ್ರ ಸರ್ಕಾರ 15,471.94 ಕೋಟಿ ರೂಪಾಯಿಗಳನ್ನು ಮಂಜೂರು ಮಾಡಿತು. ಇದರಲ್ಲಿ ರಾಜ್ಯದ ಪಾಲು ಇಲ್ಲ. ಈ ಹಣ ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿಯ ಮೂಲಕ ಜಿಲ್ಲೆಗಳಿಗೆ ಬರುತ್ತದೆ. ಎಚ್‌ಐವಿ ಪರೀಕ್ಷೆಯ ಐಸಿಟಿಸಿ ಕೇಂದ್ರಗಳ ಆಪ್ತ ಸಮಾಲೋಚಕರು ಮತ್ತು ಲ್ಯಾಬ್ ಟೆಕ್ನೀಷಿಯನ್ನರು, ಲೈಂಗಿಕ ಸೋಂಕುಗಳಿಗೆ ಚಿಕಿತ್ಸೆ ಕೊಡುವ ಸುರಕ್ಷಾ ಕ್ಲಿನಿಕ್ಕಿನ ಔಷಧಿ ಕಿಟ್ಟುಗಳು, 2004ರ ಏಪ್ರಿಲ್ 1ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯತೊಡಗಿದ, ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಮಾತ್ರೆಗಳು, ಹೆದ್ದಾರಿಯ ಲಾರಿ ಚಾಲಕರ ನಡುವೆ ಕೆಲಸ ಮಾಡುವ ಸಂಸ್ಥೆಗಳ ಅನುದಾನ, ಇವೆಲ್ಲ ಈ ಬಾಬಿನವು. ಹದಿಹರೆಯದವರ ಸ್ನೇಹ ಕ್ಲಿನಿಕ್, ಆಶಾ ಕಾರ್ಯಕರ್ತೆಯರು ಮನೆಬಾಗಿಲಿಗೆ ತಲುಪಿಸುವ ನಿರೋಧ್ ಮತ್ತು ಗುಳಿಗೆ, ಮೂರು ತಿಂಗಳಿಗೊಮ್ಮೆ ಕೊಡುವ ‘ಅಂತರ’ ಗರ್ಭನಿರೋಧಕ ಚುಚ್ಚುಮದ್ದು, ಇವು ರಾಷ್ಟ್ರೀಯ ಆರೋಗ್ಯ ಅಭಿಯಾನದ ಅಡಿಯಲ್ಲಿ ಬರುತ್ತವೆ. ಅಲ್ಲಿ ಕೇಂದ್ರದ್ದು 60 ಭಾಗ, ರಾಜ್ಯದ್ದು 40. ಕಟ್ಟಡ, ವೈದ್ಯರು, ದಾದಿಯರ ಸಂಬಳ ರಾಜ್ಯದ್ದು. ಹೀಗಾಗಿ ಒಂದೇ ಮೊಗಸಾಲೆಯಲ್ಲಿ ಅಕ್ಕಪಕ್ಕ ಕೂರುವ ಇಬ್ಬರು ಸಿಬ್ಬಂದಿಯಲ್ಲಿ ಒಬ್ಬರು ಖಾಯಂ ನೌಕರರಾದರೆ, ಮತ್ತೊಬ್ಬರು ಗುತ್ತಿಗೆಯ ಮೇಲೆ ದುಡಿಯುವವರು. ಜನರೊಡನೆ ಅತ್ಯಂತ ಸಂಕೋಚದ ಮಾತುಗಳನ್ನಾಡಬೇಕಾದ ಸಮಾಲೋಚಕರೇ ಈ ಎರಡನೆಯವರು ಎಂಬುದು ನನಗೆ ಯಾವಾಗಲೂ ವಿಚಿತ್ರವಾಗಿ ಕಂಡಿದೆ.

ಔಷಧಿಯ ವಿಷಯದಲ್ಲಿ ನಾನು ದೂರುವುದಿಲ್ಲ. ಲೈಂಗಿಕ ಸೋಂಕುಗಳಿಗೆ ಲಕ್ಷಣ ನೋಡಿಯೇ ಚಿಕಿತ್ಸೆ ಆರಂಭಿಸುವ ಏರ್ಪಾಡು ನಮ್ಮಲ್ಲಿದ್ದು, ಬೂದು, ಹಸಿರು, ಬಿಳಿ, ಹಳದಿ ಎಂದು ಬಣ್ಣದಿಂದ ಗುರುತಿಸುವ ಕಿಟ್ಟುಗಳಲ್ಲಿ ಮಾತ್ರೆಗಳು ಸಿದ್ಧವಾಗಿರುತ್ತವೆ. ಬಿಳಿ ಮುಟ್ಟಿನ ತೊಂದರೆಯಿಂದ ಬಂದ ಹೆಂಗಸಿಗೆ, ತಪಾಸಣೆಯಾದ ಮೇಲೆ, ಪ್ರಯೋಗಾಲಯದ ವರದಿಗಾಗಿ ಮತ್ತೊಮ್ಮೆ ಬಸ್ಸು ಹತ್ತಿ ಬಾರದೆ ಅದೇ ದಿನ ಮದ್ದು ಸಿಗುವುದು ಸಣ್ಣ ಮಾತಲ್ಲ. ತಾಯಿ ಕಾರ್ಡ್ ಮಾಡಿಸುವ ಹೊತ್ತಿನಲ್ಲೇ ಗರ್ಭಿಣಿಯರಿಗೆ ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆಗಳೂ ಆಗಬೇಕೆಂಬುದು ನಿಯಮ. ಆರಂಭದ ಹಂತದ ಸಿಫಿಲಿಸ್‌ಗೆ 24 ಲಕ್ಷ ಯೂನಿಟ್ಟಿನ ಬೆಂಜಥೀನ್ ಪೆನಿಸಿಲಿನ್ ಒಂದೇ ಸಲ ಕೊಟ್ಟರೆ ಸಾಕು, ಬೆಲೆಯೂ ಅಗ್ಗ. ಆದರೆ ಅಲರ್ಜಿಯ ಭಯದಿಂದ ಸಣ್ಣ ಆಸ್ಪತ್ರೆಗಳು ಈ ಚುಚ್ಚುಮದ್ದು ಕೊಡಲು ಹಿಂಜರಿಯುವುದುಂಟು. ಜಗಳೂರಿನಿಂದಲೋ ನ್ಯಾಮತಿಯಿಂದಲೋ ಗರ್ಭಿಣಿಯೊಬ್ಬಳು ಅಷ್ಟಕ್ಕಾಗಿ ಜಿಲ್ಲಾ ಕೇಂದ್ರಕ್ಕೆ ಬರಬೇಕಾದರೆ ಆ ದಿನದ ಕೂಲಿ ಹೋಯಿತು, ಜೊತೆಗೆ ಬಂದವರದೂ ಹೋಯಿತು. ಇದು ಯಾವ ಬಜೆಟ್ಟಿನಲ್ಲೂ ಕಾಣದ ಖರ್ಚು.

ಈಗ ಬಸ್ ನಿಲ್ದಾಣಗಳ ಸುತ್ತಲಿನ ಗೋಡೆಗಳನ್ನು ನೋಡಿ. ಗುಪ್ತರೋಗಗಳಿಗೆ ಖಚಿತ ಚಿಕಿತ್ಸೆ, ಇಂಥ ವಾರ ಇಂಥ ಲಾಡ್ಜ್ ಎಂಬ ಬರಹಗಳು ಯಾವ ಊರಿನಲ್ಲೂ ಕಾಣಸಿಗುತ್ತವೆ. ಎಪಿಎಂಸಿಯಲ್ಲಿ ಮೆಕ್ಕೆಜೋಳದ ಚೀಲ ಹೊರುವ ಹಮಾಲಿಯೊಬ್ಬ ಪುಕ್ಕಟೆ ಸಿಗುವ ಮಾತ್ರೆಯನ್ನು ಬಿಟ್ಟು, ಪದವಿ ಏನೆಂದೇ ತಿಳಿಯದವನ ಪುಡಿಗೆ ಸಾವಿರಾರು ರೂಪಾಯಿ ತೆರುವುದನ್ನು ಅಜ್ಞಾನ ಎಂದು ತಳ್ಳಿಹಾಕುವುದು ಸುಲಭ. ನಾನು ಹಾಗೆ ಹೇಳಲಾರೆ. ಲಾಡ್ಜಿನ ಕೋಣೆಗೆ ಬಾಗಿಲಿದೆ, ಅದು ಸಂಜೆಯೂ ತೆರೆದಿರುತ್ತದೆ, ಅಲ್ಲಿ ಚೀಟಿ ಮಾಡಿಸುವ ಸಾಲಿನಲ್ಲಿ ಹಿಂದೆ ನಿಂತ ಓಣಿಯವರು ಇರುವುದಿಲ್ಲ. ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗವಾದರೋ ಹಮಾಲಿಯ ದುಡಿಮೆಯ ಹೊತ್ತಿನಲ್ಲೇ ತೆರೆದು, ಅವನು ಬಿಡುವಾಗುವ ಹೊತ್ತಿಗೆ ಮುಚ್ಚಿರುತ್ತದೆ. ನಾನು ಕಂಡ ಆಸ್ಪತ್ರೆಯೊಂದರಲ್ಲಿ ಸಮಾಲೋಚನೆಯ ಮೇಜು ಇದ್ದದ್ದು ಔಷಧಿ ಕೊಡುವ ಕಿಟಕಿಗೆ ತಾಗಿ. ನಡುವೆ ಇದ್ದದ್ದು ಒಂದು ಉಕ್ಕಿನ ಬೀರು ಮಾತ್ರ. ‘ಎಷ್ಟು ದಿನದಿಂದ ಹೀಗಾಗಿದೆ’ ಎಂದು ಸಮಾಲೋಚಕಿ ಎಷ್ಟೇ ಮೆಲ್ಲಗೆ ಕೇಳಿದರೂ ಸಾಲಿನಲ್ಲಿದ್ದವರು ತಿರುಗಿ ನೋಡುತ್ತಿದ್ದರು.

2018ರ ಸೆಪ್ಟೆಂಬರ್ 10ರಂದು ಜಾರಿಗೆ ಬಂದ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯು ಪರೀಕ್ಷೆಗೆ ಒಪ್ಪಿಗೆಯನ್ನೂ, ಸೋಂಕಿತರ ವಿವರದ ಗೋಪ್ಯತೆಯನ್ನೂ ಕಡ್ಡಾಯ ಮಾಡಿದೆ. ಕಡತವನ್ನು ಬೀಗ ಹಾಕಿ ಇಡುತ್ತೇವೆ, ಸರಿ. ಕಿವಿಗೆ ಬೀಳುವ ಮಾತಿಗೆ ಬೀಗ ಯಾವುದು? ದೆಹಲಿಯ ಬಾಬಿನಲ್ಲಿ ಸಮಾಲೋಚಕರ ಸಂಬಳವಿದೆ, ಕಿಟ್ಟಿದೆ, ನೋಂದಣಿ ಪುಸ್ತಕವಿದೆ. ಗೋಡೆ ಕಟ್ಟುವುದು ಆಸ್ಪತ್ರೆಯ ಹೊಣೆ. ಆಸ್ಪತ್ರೆಯನ್ನು ಕೇಳಿದರೆ, ಅದು ಏಡ್ಸ್ ಸೊಸೈಟಿಯ ಘಟಕವಲ್ಲವೇ ಎನ್ನುತ್ತದೆ.

ಸ್ಥಳೀಯ ಹಣದ ಪ್ರಶ್ನೆ ನಿಜವಾಗಿ ಏಳುವುದು ಇಲ್ಲಿ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದಾಗ ಉಪಕೇಂದ್ರಗಳಿಗೆ ಕೊಟ್ಟ ಮುಕ್ತ ನಿಧಿಯ ಮಾರ್ಗಸೂಚಿಯಲ್ಲಿ, ಆ ಹಣವನ್ನು ಯಾವುದಕ್ಕೆ ಬಳಸಬಹುದು ಎಂಬುದಕ್ಕೆ ನೀಡಿದ ಉದಾಹರಣೆಗಳಲ್ಲಿ ಮರೆಗಾಗಿ ಪರದೆ ಹಾಕಿಸುವುದೂ ಇತ್ತು. ನಲ್ಲಿ ದುರಸ್ತಿ, ಬಲ್ಬು ಹಾಕಿಸುವುದು ಆಮೇಲಿನ ಮಾತು. ಆರೋಗ್ಯ ರಕ್ಷಾ ಸಮಿತಿಯ ಕೈಯಲ್ಲೂ ಸ್ವಲ್ಪ ಹಣವಿರುತ್ತದೆ. ನಮ್ಮ ಸಮಿತಿಯ ಸಭೆಗಳಲ್ಲಿ ಅದು ಬಣ್ಣಕ್ಕೆ, ನಾಮಫಲಕಕ್ಕೆ, ನೀರಿನ ಫಿಲ್ಟರಿಗೆ ಹೋಗುತ್ತಿತ್ತು. ಫಿಲ್ಟರು ಬೇಡವೆಂದು ನಾನು ಹೇಳುವುದಿಲ್ಲ. ನಾಮಫಲಕ ಬೇಡವೆಂದು ಹೇಳುತ್ತೇನೆ. ಲೈಂಗಿಕ ಆರೋಗ್ಯದ ಮಾತೆತ್ತಿದಾಗ ಹಿರಿಯ ಸದಸ್ಯರೊಬ್ಬರು ‘ಅದೆಲ್ಲ ಡಾಕ್ಟ್ರು ನೋಡ್ಕಂತಾರೆ ಬಿಡ್ರಿ’ ಎಂದು ಮುಂದಿನ ವಿಷಯಕ್ಕೆ ಹೋದರು. ಹೆಣ್ಣುಮಕ್ಕಳು ಸಭೆಯಲ್ಲಿದ್ದರೂ ಆ ದಿನ ಯಾರೂ ಮಾತನಾಡಲಿಲ್ಲ.

ಪ್ರಶ್ನಿಸಬೇಕಾದ ಇನ್ನೊಂದು ವೇದಿಕೆ ಜಿಲ್ಲಾ ಪಂಚಾಯಿತಿ. 2021ರಲ್ಲಿ ಅವಧಿ ಮುಗಿದ ಮೇಲೆ ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಚುನಾಯಿತ ಸದಸ್ಯರ ಬದಲಿಗೆ ನೇಮಕವಾದ ಆಡಳಿತಾಧಿಕಾರಿಗಳು ಅಂಕಿಅಂಶ ಕೇಳುತ್ತಾರೆ, ಎಷ್ಟು ಪರೀಕ್ಷೆಯಾಯಿತು ಎಂದು ವಿಚಾರಿಸುತ್ತಾರೆ. ಬಂದು ಸಾಲು ನೋಡಿ ಹಾಗೆಯೇ ತಿರುಗಿ ಹೋದವರೆಷ್ಟು ಎಂದು ಕೇಳಬೇಕಾದವರು ಆ ಊರಿನಲ್ಲೇ ಮತ ಕೇಳಿ ಗೆದ್ದವರು.

ಹಾಗಾಗಿ ದಾವಣಗೆರೆ, ಹರಿಹರದಂಥ ಊರುಗಳಲ್ಲಿ ಆರೋಗ್ಯ ರಕ್ಷಾ ಸಮಿತಿಯ ಸದಸ್ಯರಾಗಿರುವವರಲ್ಲಿ ನನ್ನ ಕೋರಿಕೆ ಇಷ್ಟು: ಮುಂದಿನ ಸಭೆಯ ವಿಷಯಪಟ್ಟಿಯಲ್ಲಿ ಸಮಾಲೋಚನಾ ಕೋಣೆಗೆ ಬಾಗಿಲು ಮತ್ತು ವಾರಕ್ಕೆರಡು ದಿನ ಸಂಜೆ ಆರರಿಂದ ಎಂಟರವರೆಗೆ ಸುರಕ್ಷಾ ಕ್ಲಿನಿಕ್ ತೆರೆದಿಡುವ ಪ್ರಸ್ತಾವವನ್ನು ಬರಹದಲ್ಲಿ ಸೇರಿಸಿರಿ. ಎರಡನೆಯದಕ್ಕೆ ಜಿಲ್ಲಾ ಏಡ್ಸ್ ನಿಯಂತ್ರಣ ಘಟಕದ ಒಪ್ಪಿಗೆಯೂ, ಸಿಬ್ಬಂದಿಗೆ ಹೆಚ್ಚುವರಿ ಭತ್ಯೆಯೂ ಬೇಕಾದೀತು. ಮೊದಲನೆಯದಕ್ಕೆ ಒಬ್ಬ ಬಡಗಿ ಸಾಕು.