ಸಲಿಂಗಿಗಳ ವಿಷಯದಲ್ಲಿ ಯಾವ ಸಭೆಯಲ್ಲಿ ಯಾರ ಮಾತು ನಡೆಯುತ್ತದೆ

ಕ್ರೈಸ್ತರು ಸಲಿಂಗಿಗಳನ್ನು ಒಪ್ಪುತ್ತಾರೆಯೇ ಎಂದು ಧಾರವಾಡದ ಗೆಳೆಯರು ಕೇಳುವಾಗ, ಕ್ರೈಸ್ತರೆಲ್ಲರೂ ಒಂದೇ ಮಠದ ಭಕ್ತರು ಎಂಬ ಊಹೆ ಆ ಪ್ರಶ್ನೆಯೊಳಗೇ ಇರುತ್ತದೆ. ನಮ್ಮ ಅವಳಿ ನಗರದಲ್ಲಿಯೇ ಬಾಸೆಲ್ ಮಿಷನ್ ಮೂಲದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳು, ಅಂದರೆ ಚರ್ಚು ಸಮುದಾಯಗಳು, ಬೆಳಗಾವಿ ಧರ್ಮಪ್ರಾಂತ್ಯಕ್ಕೆ ಸೇರಿದ ಕೆಥೋಲಿಕ ಚರ್ಚುಗಳು, ಮೆಥೋಡಿಸ್ಟರು, ಪೆಂಟೆಕೋಸ್ಟಲ್ ಗುಂಪುಗಳು ಇವೆ. ಇವರೆಲ್ಲರೂ ಓದುವುದು ಬೈಬಲಿನ ಅವೇ ವಚನಗಳನ್ನು. ಅವುಗಳ ಅರ್ಥವನ್ನು ತೀರ್ಮಾನಿಸುವ ಅಧಿಕಾರ ಮಾತ್ರ ಬೇರೆ ಬೇರೆಯವರ ಕೈಯಲ್ಲಿದೆ. ಪಂಗಡಗಳ ನಡುವಿನ ವ್ಯತ್ಯಾಸ ಬಹುಮಟ್ಟಿಗೆ ಅಲ್ಲಿಂದಲೇ ಹುಟ್ಟುತ್ತದೆ ಎಂಬುದು ನನ್ನ ಅಭಿಪ್ರಾಯ.

ಕೆಥೋಲಿಕರಲ್ಲಿ ತೀರ್ಮಾನ ರೋಮಿನದು. ಸಲಿಂಗ ಸಂಬಂಧವನ್ನು ತಪ್ಪೆಂದು ಹೇಳುವ 1992ರ ಧರ್ಮೋಪದೇಶ ಗ್ರಂಥವೇ ಸಲಿಂಗಿಗಳನ್ನು ಗೌರವದಿಂದ ಕಾಣಬೇಕು, ಅವರಿಗೆ ಅನ್ಯಾಯದ ಭೇದಭಾವ ಮಾಡಬಾರದು ಎಂದೂ ವಿಧಿಸುತ್ತದೆ. 2023ರ ಡಿಸೆಂಬರಿನಲ್ಲಿ ವ್ಯಾಟಿಕನ್, ಮದುವೆಯ ವಿಧಿಯನ್ನು ಹೋಲದಂತೆ ಸಲಿಂಗ ಜೋಡಿಗಳನ್ನು ಆಶೀರ್ವದಿಸಲು ಗುರುಗಳಿಗೆ ಅನುಮತಿ ನೀಡಿತು. ಕೆಲವೇ ವಾರಗಳಲ್ಲಿ ಆಫ್ರಿಕಾದ ಬಿಷಪರು ತಮ್ಮಲ್ಲಿ ಅದು ಸಾಧ್ಯವಿಲ್ಲವೆಂದು ತಿಳಿಸಿದರು. ಪೀಠ ಒಂದೇ ಆದರೂ ಅದರ ಮಾತು ಎಲ್ಲ ಕಡೆಯೂ ಒಂದೇ ರೀತಿ ನಡೆಯಲಿಲ್ಲ.

ಅಮೆರಿಕ ಕೇಂದ್ರವಾಗಿರುವ ಯುನೈಟೆಡ್ ಮೆಥೋಡಿಸ್ಟ್ ಚರ್ಚಿನಲ್ಲಿ ನಿರ್ಧಾರ ಆಗುವುದು ಮತದಾನದಿಂದ. 1972ರಲ್ಲಿ ಸಲಿಂಗ ಆಚರಣೆ ಕ್ರೈಸ್ತ ಬೋಧನೆಗೆ ಹೊಂದುವುದಿಲ್ಲವೆಂದು ಬರೆದುಕೊಂಡಿದ್ದ ಆ ಚರ್ಚು, 2024ರ ಮಹಾಸಭೆಯಲ್ಲಿ ಸಲಿಂಗಿಗಳ ಗುರುದೀಕ್ಷೆಗಿದ್ದ ನಿಷೇಧವನ್ನು ತೆಗೆದುಹಾಕಿತು. ಆದರೆ ಅಷ್ಟರಲ್ಲಿ ಸಾವಿರಾರು ಸಭೆಗಳು ಹೊರನಡೆದಿದ್ದವು. ನಮ್ಮ ಮೆಥೋಡಿಸ್ಟರು 1981ರಲ್ಲಿಯೇ ಸ್ವಾಯತ್ತರಾದುದರಿಂದ ಆ ನಿರ್ಧಾರ ಇಲ್ಲಿಯವರಿಗೆ ಅನ್ವಯಿಸುವುದಿಲ್ಲ. ಪೆಂಟೆಕೋಸ್ಟಲ್ ಸಭೆಗಳು ಹೆಚ್ಚಾಗಿ ವಿರೋಧಿಸುತ್ತವೆ, ಅನೇಕ ಕಡೆ ಪಾಸ್ಟರರ ಮಾತೇ ಕೊನೆ.

ನನ್ನನ್ನು ಹೆಚ್ಚು ಯೋಚನೆಗೆ ಹಚ್ಚುವುದು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದೊಂದಿಗಿನ ಸಂಬಂಧ. 1837ರಲ್ಲಿ ಧಾರವಾಡಕ್ಕೆ, ಮುಂದೆ ಹುಬ್ಬಳ್ಳಿಗೆ ಮತ್ತು ಗದಗಿನ ಬೆಟಗೇರಿಗೆ ಬಂದ ಮಿಷನರಿಗಳ ಶಿಸ್ತನ್ನೇ ನಮ್ಮ ಹಿರಿಯರು ಇಂದಿಗೂ ಪ್ರಮಾಣವೆಂದು ಎತ್ತಿ ಹೇಳುತ್ತಾರೆ. ಆದರೆ ಸ್ವಿಟ್ಜರ್ಲೆಂಡಿನ ಪ್ರೊಟೆಸ್ಟಂಟ್ ಸಭೆಗಳ ಒಕ್ಕೂಟವು 2019ರಲ್ಲಿ ಸಲಿಂಗ ವಿವಾಹದ ಪರವಾಗಿ ನಿಂತಿತು. 2021ರ ಜನಮತಗಣನೆಯ ನಂತರ, 2022ರ ಜುಲೈಯಿಂದ ಅಲ್ಲಿ ಅಂಥ ಮದುವೆ ಕಾನೂನುಬದ್ಧವಾಗಿದೆ. ಸಭೆಯ ಆಸ್ತಿಗಾಗಿ, ಚುನಾವಣೆಗಾಗಿ ಕೋರ್ಟಿನ ಮೆಟ್ಟಿಲು ಹತ್ತಲು ಹಿಂಜರಿಯದ ನಾವು ಈ ಬದಲಾವಣೆಯ ಸುದ್ದಿಯನ್ನು ಮಾತ್ರ ಎತ್ತುವುದಿಲ್ಲ.

ಭಾರತದ ಕ್ರೈಸ್ತರೂ ಒಂದೇ ದನಿಯಲ್ಲಿ ಮಾತನಾಡಿಲ್ಲ. ಸಲಿಂಗ ಸಂಬಂಧವನ್ನು ಅಪರಾಧವೆಂದಿದ್ದ 377ನೇ ಕಲಂ ಉಳಿಯಲೆಂದು ಉತ್ಕಲ ಕ್ರಿಶ್ಚಿಯನ್ ಕೌನ್ಸಿಲ್ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದರೆ, ಮುಂಬಯಿಯ ಅಂದಿನ ಆರ್ಚ್‌ಬಿಷಪ್ ಕಾರ್ಡಿನಲ್ ಓಸ್ವಾಲ್ಡ್ ಗ್ರೇಸಿಯಸ್ ಅವರು ಸಲಿಂಗಿಗಳನ್ನು ಕೆಥೋಲಿಕ ಸಭೆ ಎಂದೂ ಅಪರಾಧಿಗಳೆಂದು ಕಂಡಿಲ್ಲವೆಂದು 2013ರಲ್ಲಿ ಸ್ಪಷ್ಟಪಡಿಸಿದರು. 2018ರ ತೀರ್ಪಿನಿಂದ ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಾಗಿ ಉಳಿಯಲಿಲ್ಲ. ಆದರೆ 2023ರ ಅಕ್ಟೋಬರಿನಲ್ಲಿ ನ್ಯಾಯಾಲಯ ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡದ ಕಾರಣ, ಇಲ್ಲಿನ ಯಾವ ಸಭೆ ಮನಸ್ಸು ಮಾಡಿದರೂ ಅದು ನಡೆಸುವ ಮದುವೆ ಕಾನೂನಿನಲ್ಲಿ ನಿಲ್ಲುವುದಿಲ್ಲ. ಆದರೆ ಸಲಿಂಗಿಗಳನ್ನು ಪವಿತ್ರ ಭೋಜನಕ್ಕೆ ಕರೆಯುವುದಕ್ಕೆ, ಗಾಯನವೃಂದದಲ್ಲಿ ನಿಲ್ಲಿಸಿಕೊಳ್ಳುವುದಕ್ಕೆ, ಮಗನ ವಿಷಯ ತಿಳಿದು ಕಂಗಾಲಾದ ತಾಯಿಯನ್ನು ಸಭಾಪಾಲಕರು ಮನೆಗೆ ಹೋಗಿ ಮಾತನಾಡಿಸುವುದಕ್ಕೆ ಸರಕಾರದ ಅಪ್ಪಣೆಯೂ ಬೇಡ, ಚರ್ಚಿನ ಆಡಳಿತ ಮಂಡಳಿಯಾದ ಸಿನಡ್‌ನ ಠರಾವೂ ಬೇಡ.