ಗಣಿತದ ಟೀಚರ್ ಚದುರಂಗದಲ್ಲಿ ಸೋಲುವ ಬಗೆ

ಇಸ್ಪೀಟಿನಲ್ಲಿ ಸೋತವರು ಎಲೆ ಸರಿಯಾಗಿ ಬೀಳಲಿಲ್ಲ ಎನ್ನಬಹುದು, ಪಗಡೆಯಲ್ಲಿ ಸೋತವರು ದಾಳವನ್ನು ಬೈಯಬಹುದು, ಕೇರಂನಲ್ಲಿ ಸೋತವರು ಬೋರ್ಡಿಗೆ ಪೌಡರ್ ಸಾಲದಾಯಿತು ಎಂದು ಸಮಾಧಾನ ಮಾಡಿಕೊಳ್ಳಬಹುದು. ಚದುರಂಗದಲ್ಲಿ ಡೊಂಕೆಂದು ತೋರಿಸಲು ನೆಲವೇ ಇಲ್ಲ. ಎರಡೂ ಕಡೆ ಹದಿನಾರು ಕಾಯಿಗಳು, ಎಲ್ಲವೂ ಇಬ್ಬರ ಕಣ್ಣೆದುರಿಗೇ ಇರುತ್ತವೆ. ಹೀಗಿರುವಾಗ ಸೋತವರಿಗೆ ತಮ್ಮ ಬುದ್ಧಿಗೇ ಯಾರೋ ಅಂಕ ಹಾಕಿ ಕೆಳಗೆ ಕೆಂಪು ಗೆರೆ ಎಳೆದಂತೆ ಅನಿಸುವುದು ಸಹಜ. ಮೂವತ್ತು ದಾಟಿದ ಮೇಲೆ ಈ ಆಟ ಕಲಿಯಲು ಹೊರಟವರಿಗೆ, ಅದರಲ್ಲೂ ದಿನವಿಡೀ ಮಕ್ಕಳ ಉತ್ತರಪತ್ರಿಕೆಗಳಿಗೆ ಅಂಕ ಹಾಕುವವರಿಗೆ, ಈ ಅನಿಸಿಕೆ ಇನ್ನೂ ಚುರುಕಾಗಿ ತಟ್ಟುತ್ತದೆ.

ನಾನು ವಿಜಯಪುರದ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಶಾಲಾ ಕ್ರೀಡಾಕೂಟಗಳಲ್ಲಿ ಚದುರಂಗವೂ ಒಂದು ಸ್ಪರ್ಧೆಯಾಗಿರುವುದರಿಂದ ಆ ಮಕ್ಕಳನ್ನು ಸಿದ್ಧಗೊಳಿಸಲು ಯಾರಾದರೂ ಬೇಕಾಗಿತ್ತು, ಮತ್ತು ಗಣಿತದವರಿಗೆ ಚದುರಂಗ ತಾನಾಗಿಯೇ ಬರುತ್ತದೆ ಎಂಬ ನಂಬಿಕೆಯ ಮೇಲೆ ಆ ಕೆಲಸ ನನ್ನ ಪಾಲಿಗೆ ಬಂತು. ಶಾಲೆ ಬಿಟ್ಟ ಮೇಲೆ ಸುರುಳಿ ಸುತ್ತುವ ಬೋರ್ಡನ್ನು ಬೆಂಚಿನ ಮೇಲೆ ಹಾಸಿ ಕುಳಿತರೆ ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ನನ್ನನ್ನು ಸಾಲಾಗಿ ಸೋಲಿಸುತ್ತಿದ್ದಳು. "ಟೀಚರ್, ನಿಮ್ಮ ವಜೀರ ಹೋತ್ರಿ" ಎನ್ನುವಾಗ ಅವಳ ದನಿಯಲ್ಲಿ ಗೆದ್ದ ಸಂಭ್ರಮಕ್ಕಿಂತ ನನ್ನ ಬಗೆಗಿನ ಮರುಕವೇ ಹೆಚ್ಚಾಗಿರುತ್ತಿತ್ತು. ಅದನ್ನು ತಾಳುವುದು ಸೋಲನ್ನು ತಾಳುವುದಕ್ಕಿಂತ ಕಷ್ಟ. ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು, "ಗಣಿತದವರಿಗೇ ಬರಲಿಲ್ಲಂದ್ರ ನಮ್ಮಂಥವರ ಗತಿ ಏನ್ರೀ ಮೇಡಂ?" ಎಂದು ನಕ್ಕರು. ನಾನೂ ನಕ್ಕೆ, ಆದರೆ ಆ ಪ್ರಶ್ನೆಗೆ ಉತ್ತರ ಹುಡುಕಲೇಬೇಕು ಅನಿಸಿತು.

ಉತ್ತರ ಮನೋವಿಜ್ಞಾನಿಗಳ ಬಳಿ ಇತ್ತು. 1973ರಲ್ಲಿ ವಿಲಿಯಂ ಚೇಸ್ ಮತ್ತು ಹರ್ಬರ್ಟ್ ಸೈಮನ್ ಎಂಬಿಬ್ಬರು ಒಂದು ಪ್ರಯೋಗವನ್ನು ಪ್ರಕಟಿಸಿದರು. ಈ ಸೈಮನ್ ಮುಂದೆ 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ನಿಜವಾದ ಪಂದ್ಯವೊಂದರ ನಡುವಿನ ಸ್ಥಿತಿಯನ್ನು ಐದು ಸೆಕೆಂಡು ತೋರಿಸಿ, ಮರೆಮಾಡಿ, ನೆನಪಿನಿಂದ ಜೋಡಿಸಲು ಹೇಳಿದಾಗ ನುರಿತ ಆಟಗಾರ ಹೆಚ್ಚಿನ ಕಾಯಿಗಳನ್ನು ಅವುಗಳ ಮನೆಯಲ್ಲೇ ಇಟ್ಟ, ಹೊಸಬನಿಗೆ ನಾಲ್ಕೈದರ ಮೇಲೆ ಹೋಗಲಾಗಲಿಲ್ಲ. ಅವೇ ಕಾಯಿಗಳನ್ನು ಮನಬಂದಂತೆ ಚೆಲ್ಲಿ ತೋರಿಸಿದಾಗ ಮಾತ್ರ ನುರಿತವನ ಮೇಲುಗೈ ಹೆಚ್ಚುಕಡಿಮೆ ಅಳಿಸಿಹೋಯಿತು. ಅಂದರೆ ನುರಿತವನಿಗೆ ನಮಗಿಲ್ಲದ ಜ್ಞಾಪಕಶಕ್ತಿಯೇನೂ ಇರಲಿಲ್ಲ. ರಾಜನ ಮುಂದಿನ ಮೂರು ಕಾಲಾಳು, ಪಕ್ಕದ ಆನೆ, ಒಳಗಿನ ಕುದುರೆ, ಇಷ್ಟನ್ನೂ ಅವನು ಒಂದೇ ಗುಂಪಾಗಿ ಕಾಣುತ್ತಿದ್ದ. ಏಳೆಂಟಲ ಐವತ್ತಾರು ಎನ್ನುವಾಗ ನಾವು ಎಂಟನ್ನು ಏಳು ಸಲ ಕೂಡುವುದಿಲ್ಲ. ಮಗ್ಗಿ ಬರುವವರಿಗೆ ಉತ್ತರ ಎದುರಿಗೇ ನಿಂತಿರುತ್ತದೆ. ಆ ಹುಡುಗಿಗೆ ಚದುರಂಗದ ಮಗ್ಗಿ ಬರುತ್ತಿತ್ತು, ನಾನು ಇನ್ನೂ ಬೆರಳು ಮಡಿಸುತ್ತಿದ್ದೆ. ಗಣಿತದ ಪದವಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲವೆಂದು ತಿಳಿದ ಮೇಲೆ ಅರ್ಧ ಭಾರ ಇಳಿಯಿತು.

ಉಳಿದರ್ಧ ಭಾರ, ಆಟಗಾರರ ಬಲವನ್ನು ಸೂಚಿಸುವ ರೇಟಿಂಗ್ ಎಂಬ ಸಂಖ್ಯೆಯದು. ಮೊಬೈಲಿನಲ್ಲಿ ಆಡುವವರೆಲ್ಲ ಇದನ್ನು ಬಲ್ಲರು. ಲಿಚೆಸ್‌ನಂಥ ತಾಣದಲ್ಲಿ ಹೊಸಬರಿಗೆ 1500 ಎಂಬ ಅಂಕ ಸಿಗುತ್ತದೆ, ಮತ್ತು ಮೊದಲ ಕೆಲವು ಆಟಗಳಲ್ಲೇ ಅದು ನೂರಾರು ಅಂಕ ಜಾರುತ್ತದೆ. ನಮ್ಮ ಬಗ್ಗೆ ಇನ್ನೂ ಏನೂ ಗೊತ್ತಿಲ್ಲದ ವ್ಯವಸ್ಥೆ ನಮ್ಮ ಜಾಗವನ್ನು ಹುಡುಕುತ್ತಿರುವುದರಿಂದ ಆರಂಭದ ಹೆಜ್ಜೆಗಳು ದೊಡ್ಡದಾಗಿರುತ್ತವೆ, ಅಷ್ಟೇ. ನೋಡುವವರಿಗೆ ಮಾತ್ರ ಪಾತಾಳಕ್ಕೆ ಬೀಳುತ್ತಿರುವಂತೆ ಕಾಣುತ್ತದೆ.

ಈ ಲೆಕ್ಕಾಚಾರದ ಮೂಲ ಹಂಗೇರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಅರ್ಪಾದ್ ಎಲೊ ಅವರದು. ಅವರ ಪದ್ಧತಿಯನ್ನು ಅಂತಾರಾಷ್ಟ್ರೀಯ ಒಕ್ಕೂಟವಾದ ಫಿಡೆ 1970ರಲ್ಲಿ ಒಪ್ಪಿಕೊಂಡಿತು. ಸೂತ್ರವನ್ನು ಬಿಡಿಸಿ ನೋಡಿದಾಗ ನನಗೆ ನಿಜವಾಗಿಯೂ ಸಂತೋಷವಾಯಿತು. ಇಬ್ಬರ ನಡುವೆ 400 ಅಂಕಗಳ ಅಂತರವಿದ್ದರೆ ಗೆಲುವಿನ ನಿರೀಕ್ಷೆ ಮೇಲಿನವರಿಗೆ ಹತ್ತು, ಕೆಳಗಿನವರಿಗೆ ಒಂದು ಎಂಬ ಪ್ರಮಾಣದಲ್ಲಿರುತ್ತದೆ, ಅಂದರೆ ಮೇಲಿನವರ ಪಾಲು ನೂರರಲ್ಲಿ ಸುಮಾರು 91. ಅಂತರ 200 ಆದರೆ 76, ಬರೀ 100 ಆದರೆ 64. ಅಂತರವೇ ಇಲ್ಲದಿದ್ದರೆ ಸರಿಯಾಗಿ ಅರ್ಧ. ಆನ್‌ಲೈನ್ ತಾಣಗಳು ನಮಗೆ ಹುಡುಕಿ ಕೊಡುವ ಎದುರಾಳಿಯಂತೂ ಬಹುಮಟ್ಟಿಗೆ ನಮ್ಮ ಅಂಕದ ಆಸುಪಾಸಿನವರೇ. ನಾವು ಸುಧಾರಿಸಿದಂತೆ ಅಂಕ ಏರುತ್ತದೆ, ಅಂಕ ಏರಿದಂತೆ ಎದುರಾಳಿಗಳೂ ಗಟ್ಟಿಯಾಗುತ್ತಾರೆ, ಗೆಲುವಿನ ಪಾಲು ಮತ್ತೆ ಅರ್ಧಕ್ಕೇ ಬಂದು ನಿಲ್ಲುತ್ತದೆ. ವರ್ಷವಿಡೀ ಚೆನ್ನಾಗಿ ಕಲಿತವರೂ ಆ ವರ್ಷ ಹತ್ತಿರ ಹತ್ತಿರ ಅರ್ಧದಷ್ಟು ಆಟಗಳನ್ನು ಸೋತೇ ಇರುತ್ತಾರೆ. ಹಾಗಾದರೆ ನಿನ್ನೆ ಎಷ್ಟು ಸೋತೆ ಎಂಬುದನ್ನು ಹಿಡಿದು ಕಲಿಕೆಯನ್ನು ಅಳೆಯುವುದರಲ್ಲಿ ಅರ್ಥವಿಲ್ಲ. ಅಳೆಯಲು ಬೇರೆ ಏನಾದರೂ ಬೇಕು.

ಅದನ್ನು ಹೇಳುವ ಮೊದಲು ನಮ್ಮ ಸೀಮೆಯ ಹೊಸಬರಿಗಿರುವ ಇನ್ನೊಂದು ತೊಡಕಿನ ಬಗ್ಗೆ ಒಂದೆರಡು ಮಾತು. ಇಂಡಿ ತಾಲ್ಲೂಕಿನ ನಮ್ಮ ತವರಿನಲ್ಲಿ ಬೇಸಗೆಯ ಸೂಟಿಯಲ್ಲಿ ಪಡಸಾಲೆಯ ಮೇಲೆ ಆಡುತ್ತಿದ್ದುದು ದೇಸಿ ನಿಯಮದ ಆಟ. ಅದರಲ್ಲಿ ಕಾಲಾಳು ಮೊದಲ ನಡೆಯಲ್ಲೂ ಒಂದೇ ಮನೆ ಸರಿಯುತ್ತಿತ್ತು, ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸುವ ಕ್ಯಾಸಲಿಂಗ್ ಇರಲಿಲ್ಲ, ಅದರ ಬದಲು ರಾಜ ಒಂದು ಸಲ ಕುದುರೆಯಂತೆ ಹಾರಬಹುದಾಗಿತ್ತು. ಆ ಆಟದಲ್ಲಿ ಪಳಗಿದ ಕಣ್ಣಿಗೆ ಕಾಲಾಳುಗಳು ಎರಡೆರಡು ಮನೆ ಹಾರಿ ಎರಡೇ ನಡೆಯಲ್ಲಿ ಮೈಮೇಲೆ ಬರುವ ಈ ಆಟ ಅವಸರದ್ದೆನಿಸುತ್ತದೆ. ಎರಡು ಮನೆ ಹಾರಿ ಪಕ್ಕಕ್ಕೆ ಬಂದು ನಿಂತ ಕಾಲಾಳನ್ನು ಎನ್‌ಪಾಸಾಂ ಎಂಬ ನಿಯಮ ಹೇಳಿ ಎತ್ತಿಕೊಂಡರೆ ಮೋಸವೆಂದೇ ಜಗಳಕ್ಕೆ ನಿಲ್ಲಬೇಕೆನಿಸುತ್ತದೆ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಕೂಡ ದೇಸಿ ನಿಯಮದಲ್ಲೇ ಬೆಳೆದವರು. 1929ರಲ್ಲಿ ಲಂಡನ್ನಿಗೆ ಹೋದಾಗ ಆರಂಭದ ನಡೆಗಳ ಶಾಸ್ತ್ರ ಅವರಿಗೆ ಹೆಚ್ಚು ಗೊತ್ತಿರಲಿಲ್ಲ. ಆದರೂ ಅದೇ ವರ್ಷ, ಮತ್ತೆ 1932 ಹಾಗೂ 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದರು. ಫಿಡೆ ಅವರಿಗೆ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟದ್ದು 2024ರಲ್ಲಿ, ಅವರು ತೀರಿಹೋಗಿ ಎಷ್ಟೋ ದಶಕಗಳಾದ ಮೇಲೆ. ಅವರ ಪ್ರತಿಭೆಯ ಮಾತು ಬೇರೆ, ಆದರೆ ಆರಂಭದ ನಡೆಗಳನ್ನು ಉರುಹೊಡೆಯದೆಯೂ ಆಟ ಸಾಗುತ್ತದೆ ಎಂಬ ಧೈರ್ಯವನ್ನು ನಾನು ಅವರಿಂದ ಪಡೆದಿದ್ದೇನೆ.

ಈಗ ಅಳತೆಯ ವಿಷಯ. ಹೊಸಬರ ಆಟಗಳು ದೂರದ ಯೋಜನೆಗಳಿಂದ ನಿರ್ಣಯವಾಗುವುದೇ ಇಲ್ಲ. ಕಾವಲಿಲ್ಲದೆ ನಿಂತ ಕಾಯಿಯೊಂದರಿಂದ ಆಗುತ್ತವೆ. ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. (ಬೋರ್ಡಿನ ಉದ್ದಗೆರೆಗಳಿಗೆ ಎಡದಿಂದ ಎ, ಬಿ, ಸಿ ಎಂದು ಎಚ್‌ವರೆಗೆ ಹೆಸರು, ಅಡ್ಡಸಾಲುಗಳಿಗೆ ಬಿಳಿಯ ಕಡೆಯಿಂದ 1ರಿಂದ 8ರವರೆಗೆ ಸಂಖ್ಯೆ; ಎರಡೂ ಸೇರಿದರೆ ಮನೆಯ ಹೆಸರು.) ಕಪ್ಪಿನ ರಾಜ ಇ8ರಲ್ಲಿ, ಆನೆ ಎ8ರಲ್ಲಿ, ಕಾಲಾಳು ಸಿ7ರಲ್ಲಿ ಇನ್ನೂ ಕದಲದೆ ಇವೆ. ಮಂತ್ರಿ, ಅಂದರೆ ವಜೀರ, ಮಾತ್ರ ಬೇಗ ಹೊರಗೆ ಹೋಗಿ ರಾಜನ ಮುಂದಿನ ಸಾಲುಗಳಲ್ಲಿ ತಿರುಗಾಡುತ್ತಿದೆ. ಬಿಳಿಯ ಕುದುರೆ ಬಿ5ಕ್ಕೆ ಬಂದು ಕೂರುತ್ತದೆ. ಕಪ್ಪು ತನ್ನದೇ ದಾಳಿಯ ಗುಂಗಿನಲ್ಲಿ ಇನ್ನೊಂದು ಕಾಯಿಯನ್ನು ಮುಂದಿಡುತ್ತದೆ. ಕುದುರೆ ಸಿ7ರ ಕಾಲಾಳನ್ನು ಹೊಡೆದು ರಾಜನಿಗೆ ಚೆಕ್ ಕೊಡುತ್ತದೆ, ಅದೇ ಮನೆಯಿಂದ ಎ8ರ ಆನೆಯ ಮೇಲೂ ಅದರ ಕಣ್ಣಿರುತ್ತದೆ. ರಾಜ ಸರಿಯಲೇಬೇಕು, ಆನೆ ಹೋಗಲೇಬೇಕು. ಬಿಳಿಯ ಹಿಂದಿನ ನಡೆಯಾದ ಕೂಡಲೇ ಮಂತ್ರಿಯನ್ನು ಡಿ8ಕ್ಕೆ ಹಿಂದಕ್ಕೆ ತಂದಿದ್ದರೂ, ಬಿ8ರ ಕುದುರೆಯನ್ನು ಎ6ಕ್ಕೆ ಹಾರಿಸಿದ್ದರೂ ಸಿ7ಕ್ಕೆ ಕಾವಲು ಸಿಗುತ್ತಿತ್ತು. ಕಾಲಾಳನ್ನು ಎ6ಕ್ಕೆ ತಳ್ಳಿ ಕುದುರೆಯನ್ನು ಓಡಿಸುತ್ತೇನೆಂದರೆ ಅದು ಓಡುವುದು ಸಿ7ಕ್ಕೇ.

ಇಲ್ಲಿ ತಪ್ಪಿಹೋದದ್ದು ಒಂದೇ ಪ್ರಶ್ನೆ: ಎದುರಾಳಿ ಈ ಕಾಯಿಯನ್ನು ಇಲ್ಲಿಗೆ ಏಕೆ ತಂದ? ಪ್ರತಿ ನಡೆಗೂ ಮೊದಲು ಇದನ್ನು ಕೇಳಿಕೊಳ್ಳುವುದು ಹೇಳಲು ಸುಲಭ, ರೂಢಿಯಾಗಲು ತಿಂಗಳುಗಳು ಬೇಕು. ಮಕ್ಕಳಿಗೂ ನನಗೂ ಒಂದು ಕಟ್ಟಳೆ ಮಾಡಿದ್ದೇನೆ: ಎದುರಿನವರು ನಡೆ ಮುಗಿಸುವ ತನಕ ಕೈಗಳು ಬೆಂಚಿನ ಕೆಳಗಿರಬೇಕು. ಹುಡುಗಾಟದಂತೆ ಕಂಡರೂ, ಕೈ ಮೇಲಕ್ಕೆ ಬರುವಷ್ಟರಲ್ಲಿ ಕಣ್ಣು ಒಂದು ಸುತ್ತು ಹಾಕಿರುತ್ತದೆ.

ಸೋತ ಆಟವನ್ನು ನೋಟ್‌ಬುಕ್ಕಿನಲ್ಲಿ ಬರೆದಿಡುವ ಪದ್ಧತಿಯೂ ಇದೆ. ಕಂಪ್ಯೂಟರಿನ ವಿಶ್ಲೇಷಣೆಯನ್ನು ತೆರೆಯುವ ಮೊದಲು, ಆಟ ಎಲ್ಲಿ ಕೈತಪ್ಪಿತು ಎಂದು ನಮಗೆ ಅನಿಸುತ್ತದೆಯೋ ಆ ನಡೆಯ ಎದುರಿಗೆ ಮೂರರಲ್ಲಿ ಒಂದು ಮಾತನ್ನು ಬರೆಯಬೇಕು: ಕಾಣಲಿಲ್ಲ, ಕಂಡರೂ ಲೆಕ್ಕ ತಪ್ಪಿತು, ಅಥವಾ ಅವಸರ. ನಮ್ಮ ನೋಟ್‌ಬುಕ್ಕುಗಳಲ್ಲಿ ಹೆಚ್ಚಾಗಿ ಇರುವುದು "ಕಾಣಲಿಲ್ಲ" ಎಂಬುದೇ. ಇದು ತಿಂಗಳಿನಿಂದ ತಿಂಗಳಿಗೆ ಕಡಿಮೆಯಾಗುತ್ತ ಬಂದರೆ ರೇಟಿಂಗ್ ಏನೇ ಹೇಳಲಿ, ಕಲಿಕೆ ನಡೆದಿದೆ ಎಂದೇ ನನ್ನ ಲೆಕ್ಕ. ಪೂರ್ತಿ ಸೊನ್ನೆಯಾಗುವುದನ್ನು ಯಾರೂ ಕಾಯಬಾರದು. 2006ರಲ್ಲಿ ಬಾನ್ ನಗರದಲ್ಲಿ ಡೀಪ್ ಫ್ರಿಟ್ಜ್ ಎಂಬ ಕಂಪ್ಯೂಟರ್ ಪ್ರೋಗ್ರಾಮಿನ ಎದುರು ಆಡುತ್ತಿದ್ದ ಅಂದಿನ ವಿಶ್ವ ಚಾಂಪಿಯನ್ ವ್ಲಾದಿಮಿರ್ ಕ್ರಾಮ್ನಿಕ್ ಅವರಿಗೆ ಒಂದೇ ನಡೆಯ ಚೆಕ್‌ಮೇಟ್ ಕಾಣಲಿಲ್ಲ. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಗುಕೇಶ್ ವಿಶ್ವ ಚಾಂಪಿಯನ್ ಆದ ಹದಿನಾಲ್ಕನೆಯ ಆಟ ಕೂಡ ಡ್ರಾ ಕಡೆಗೆ ಸಾಗಿದ್ದು, ಎದುರಾಳಿ ಡಿಂಗ್ ಲಿರೆನ್ ಒಂದು ಆನೆಯನ್ನು ತಪ್ಪು ಮನೆಗೆ ಸರಿಸಿದ್ದರಿಂದ ಮುಗಿಯಿತು.

ಮೂರು ನಿಮಿಷದ ಬ್ಲಿಟ್ಜ್ ಆಟಗಳ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಕಟುವಾಗಿಯೇ ಇದೆ. ಗೊತ್ತಿರುವುದನ್ನು ಬೇಗ ಮಾಡುವ ಆಟ ಅದು. ಇನ್ನೂ ಏನೂ ಗೊತ್ತಿಲ್ಲದವರು ಅದರಲ್ಲಿ ಬೇಗ ಕಲಿಯುವುದು ತಮ್ಮ ತಪ್ಪುಗಳನ್ನೇ. ಹದಿನೈದು ನಿಮಿಷದ ಮೇಲೆ ಪ್ರತಿ ನಡೆಗೆ ಹತ್ತು ಸೆಕೆಂಡು ಕೂಡುವ ಆಟ ಹೊಸಬರಿಗೆ ಸಾಕು. ದಿನಕ್ಕೊಂದು ಆಡಿದರೆ ಅದರ ಮೇಲೊಂದಿಷ್ಟು ಟ್ಯಾಕ್ಟಿಕ್ಸ್ ಒಗಟುಗಳಿಗೆ, ಅಂದರೆ ಕೊಟ್ಟ ಸ್ಥಿತಿಯಲ್ಲಿ ಗೆಲ್ಲುವ ನಡೆ ಹುಡುಕುವ ಲೆಕ್ಕಗಳಿಗೆ, ಸಮಯ ಉಳಿಯುತ್ತದೆ. ಅವೇ ನಾನು ಮೇಲೆ ಹೇಳಿದ ಮಗ್ಗಿ. ಸೋತ ಸಿಟ್ಟಿನಲ್ಲಿ ಹೋದ ಅಂಕವನ್ನು ಮರಳಿ ಪಡೆಯುತ್ತೇನೆಂದು ರಾತ್ರಿ ಹನ್ನೊಂದರ ಮೇಲೆ ಇನ್ನೊಂದು ಆಟ ಶುರುಮಾಡುವ ಚಪಲಕ್ಕೆ ನನ್ನ ಬಳಿ ಇರುವ ಮದ್ದು ಸರಳವಾದದ್ದು: ಎರಡು ಸೋತರೆ ಆ ದಿನ ಮೊಬೈಲು ಅಡುಗೆಮನೆಯ ಕಪಾಟಿಗೆ ಹೋಗುತ್ತದೆ. ಮನಸ್ಸನ್ನು ಗಟ್ಟಿಮಾಡಿಕೊಳ್ಳುವ ಉಪದೇಶಗಳಿಗಿಂತ ಈ ಕಪಾಟು ಹೆಚ್ಚು ಉಪಕಾರ ಮಾಡಿದೆ.

ಅಂತ್ಯದಾಟದ ವಿಷಯಕ್ಕೆ ಬಂದರೆ ದೊಡ್ಡವರಿಗೆ ಒಂದು ಅನುಕೂಲವಿದೆ, ಏಕೆಂದರೆ ಅಲ್ಲಿ ಕಾಯಿಗಳು ಕಡಿಮೆ, ನಿಯಮಗಳು ಖಚಿತ, ಮತ್ತು ಮಕ್ಕಳಿಗೆ ಅದು ಬೇಸರ. ರಾಜ ಮತ್ತು ಒಂದೇ ಕಾಲಾಳು ಇರುವ ಸ್ಥಿತಿಯಲ್ಲಿ, ಕಾಲಾಳು ಐದನೆಯ ಸಾಲಿನಲ್ಲಿದ್ದು ಅದರ ಮುಂದೆ ಆರನೆಯ ಸಾಲಿನಲ್ಲಿ ತನ್ನ ರಾಜ ನಿಂತಿದ್ದರೆ, ನಡೆ ಯಾರದೇ ಇರಲಿ ಗೆಲುವು ನಿಶ್ಚಿತ. ಬೋರ್ಡಿನ ಎಡ ಅಥವಾ ಬಲ ಅಂಚಿನ ಗೆರೆಯ ಕಾಲಾಳಾದರೆ ಮಾತ್ರ ಈ ಮಾತು ನಿಲ್ಲುವುದಿಲ್ಲ. ಆ ರಾಜ ಇನ್ನೂ ಕಾಲಾಳಿನ ಮುಂದೆ ಬರಲಾಗದ ಸ್ಥಿತಿಯಲ್ಲಾದರೆ, ಕಾಪಾಡುವ ಕಡೆಯವರ ರಾಜ ಕಾಲಾಳಿನ ಎದುರಿನಿಂದ ಹಿಂದೆ ಸರಿಯುವಾಗ ಅದೇ ಗೆರೆಯಲ್ಲಿ ನೇರವಾಗಿ ಹಿಂದಕ್ಕೆ ಸರಿಯಬೇಕು. ಓರೆಯಾಗಿ ಸರಿದರೆ ಡ್ರಾ ಆಗಬೇಕಾದದ್ದು ಸೋಲಾಗುತ್ತದೆ. ಇದನ್ನು ನಾನು ಆ ಒಂಬತ್ತನೆಯ ತರಗತಿಯ ಹುಡುಗಿಗೆ ಬೋರ್ಡಿನ ಮೇಲೆ ತೋರಿಸಿದಾಗ ಅವಳು ನಂಬದೆ, "ಇನ್ನೊಮ್ಮೆ ಇಡ್ರಿ ಟೀಚರ್, ಈ ಸಲ ನಾ ಬಿಡೂದಿಲ್ಲ" ಎಂದು ಕುಳಿತಳು. ಮತ್ತೆ ಮತ್ತೆ ಓರೆಯಾಗಿ ಸರಿದು ಸೋತಳು, ಆಮೇಲೆ ನೇರವಾಗಿ ಸರಿಯುವುದನ್ನು ತಾನೇ ಕಂಡುಕೊಂಡಳು. ಪೂರ್ತಿ ಕಾಯಿಗಳ ಆಟದಲ್ಲಿ ಈಗಲೂ ಹೆಚ್ಚಾಗಿ ಅವಳೇ ಗೆಲ್ಲುತ್ತಾಳೆ. ಮುಂದಿನ ವಾರದಿಂದ ಆನೆಗಳ ಅಂತ್ಯದಾಟವನ್ನು ಶುರುಮಾಡುವುದೆಂದು ಇಬ್ಬರೂ ಮಾತಾಡಿಕೊಂಡಿದ್ದೇವೆ.