ಮೇಷ್ಟ್ರ ವಾಚು, ಬೇಗ ಹೊಡೆದ ಬೆಲ್ಲು

ಫಿಸಿಕ್ಸ್ ಮೇಷ್ಟ್ರು ತೀರಿಕೊಂಡ ಸುದ್ದಿ ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಬಂತು. ಎಲ್ಲರೂ ಕೈಮುಗಿಯುವ ಚಿತ್ರ ಹಾಕಿ ಸುಮ್ಮನಾದರು. ನನಗೆ ಅಷ್ಟು ಸಾಲದು ಅನ್ನಿಸಿತು. ಪಿಯುಸಿಯಲ್ಲಿ ಅವರು ಮಾಡಿದ ಪಾಠ ಒಂದೂ ನೆನಪಿಲ್ಲ, ನೆನಪಿರುವುದು ಅವರ ಎಚ್‌ಎಂಟಿ ವಾಚು.

ಅಟೆಂಡರ್ ಬೆಲ್ಲು ಹೊಡೆಯುತ್ತಿದ್ದದ್ದು ಆ ವಾಚು ನೋಡಿಯೇ. ಒಂದು ದಿನ ಮೇಷ್ಟ್ರು ಕೈ ತೊಳೆಯೋಕೆ ಅದನ್ನು ಲ್ಯಾಬಿನಲ್ಲಿ ಬಿಚ್ಚಿಟ್ಟರು. ನಾವು ಮೂವರು ಅದನ್ನು ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ಚೆನ್ನಾಗಿ ಉಜ್ಜಿದೆವು. ನಿಲ್ಲುತ್ತೆ ಅಂತ ನಮ್ಮ ಲೆಕ್ಕ. ಅದು ನಿಲ್ಲಲಿಲ್ಲ, ಓಡತೊಡಗಿತು! ಒಳಗಿನ ತೆಳು ಸ್ಪ್ರಿಂಗಿನ ಸುತ್ತುಗಳು ಅಂಟಿಕೊಂಡರೆ ಹಾಗಾಗುತ್ತದೆ. ಊಟದ ಬೆಲ್ಲು ಬೇಗ, ಸಂಜೆ ಬೆಲ್ಲು ಇನ್ನೂ ಬೇಗ. ಕಣ್ಣು ಮುಚ್ಚಿಕೊಂಡು ಪದ್ಯ ಓದುತ್ತಿದ್ದ ಕನ್ನಡ ಮೇಷ್ಟ್ರು ಮಾತ್ರ "ಇನ್ನೂ ನಾಲ್ಕು ಸಾಲು ಇತ್ತಲ್ರೋ" ಅಂತ ಗೊಣಗಿದರು.

ಮರುದಿನ ಫಿಸಿಕ್ಸ್ ಮೇಷ್ಟ್ರು ವಾಚಿನ ಹತ್ತಿರ ದಿಕ್ಸೂಚಿ ಹಿಡಿದರು. ಮುಳ್ಳು ಆಡಿತು. ಬೈಯಲಿಲ್ಲ. ಎ.ಸಿ. ಕರೆಂಟಿನ ಕಾಯಿಲ್ ತಂದು, ವಾಚನ್ನು ಅದರೊಳಗಿಟ್ಟು ನಿಧಾನಕ್ಕೆ ಹೊರಗೆಳೆದು ಸರಿ ಮಾಡಿದರು. "ಕಾಸಿದ್ರೂ ಕಾಂತತ್ವ ಹೋಗುತ್ತೆ, ಜೊತೆಗೆ ವಾಚೂ ಹೋಗುತ್ತೆ ಕಣ್ರೋ" ಅಂದರು. ಈಗ ಹುಡುಗರನ್ನು ಲ್ಯಾಬಿನಲ್ಲಿ ಹಾಗೆ ಬಿಡ್ತಾರಾ? ರೆಕಾರ್ಡ್ ಬುಕ್ ನಕಲು ಮಾಡಿಸಿ, ಸಿಇಟಿ ಕೋಚಿಂಗಿಗೆ ಓಡಿಸ್ತಾರೆ, ಅಷ್ಟೇ.

ಮುಂದೆ ನಾನು ಪಿಎಚ್‌ಡಿಗೆ ಮ್ಯೂನಿಕ್ ಪಕ್ಕದ ಗಾರ್ಶಿಂಗ್‌ನ ನ್ಯೂಟ್ರಾನ್ ರಿಯಾಕ್ಟರಿಗೆ ಹೋದೆ. ನಮ್ಮ ತಾಲ್ಲೂಕಿನಿಂದ ಅಲ್ಲಿಗೆ ಹೋದವನು ನಾನೊಬ್ಬನೇ ಇರಬೇಕು. ನಾನೇ ಹೇಳಿಕೊಳ್ಳದಿದ್ದರೆ ಇನ್ಯಾರು ಹೇಳ್ತಾರೆ? ಅಲ್ಲಿ ಮ್ಯಾಂಗನೀಸ್ ಸಿಲಿಸೈಡ್ ಅನ್ನುವ ಹರಳು. ಅದರ ಪರಮಾಣುಗಳ ಜೋಡಣೆಗೆ ಬಲಮುರಿ ಶಂಖದ ಹಾಗೆ ಒಂದೇ ಕಡೆಯ ತಿರುವು. ಆ ತಿರುವಿನಿಂದಾಗಿ ಒಳಗಿನ ಪುಟ್ಟ ಅಯಸ್ಕಾಂತಗಳೂ ಒಂದೇ ದಿಕ್ಕಿಗೆ ನಿಲ್ಲದೆ, ಸ್ವಲ್ಪ ಸ್ವಲ್ಪವೇ ಹೊರಳುತ್ತಾ ಸುಮಾರು 18 ನ್ಯಾನೋಮೀಟರಿಗೆ ಒಂದು ಸುತ್ತು ಮುಗಿಸುತ್ತವೆ. ಸುಮಾರು 29 ಕೆಲ್ವಿನ್, ಅಂದರೆ ಮೈನಸ್ 244 ಡಿಗ್ರಿ ದಾಟಿದರೆ ಈ ಶಿಸ್ತೆಲ್ಲ ಹೋಗುತ್ತದೆ. ಮೇಷ್ಟ್ರು ಹೇಳಿದ ಕಾಸುವ ಮಾತೇ, ಅಲ್ವಾ? ಆ 29 ಕೆಲ್ವಿನ್‌ಗಿಂತ ತುಸು ಕೆಳಗೆ, 0.2 ಟೆಸ್ಲಾ ಆಸುಪಾಸಿನ ಕಾಂತಕ್ಷೇತ್ರ ಕೊಟ್ಟರೆ ಅವು ಸುಳಿ ಸುಳಿಯಾಗಿ ಸಾಲು ಕಟ್ಟುತ್ತವೆ. ಇವೇ ಸ್ಕೈರ್ಮಿಯಾನ್‌ಗಳು.

ದಪ್ಪ ಹರಳಿನೊಳಗೆ ಇದನ್ನು ನೋಡೋಕೆ ನ್ಯೂಟ್ರಾನ್ ತುಂಬಾ ಒಳ್ಳೆಯದು. ಅದಕ್ಕೆ ವಿದ್ಯುದಂಶ ಇಲ್ಲ, ಹರಳಿನ ಆಳಕ್ಕೆ ಸಲೀಸಾಗಿ ಇಳಿಯುತ್ತದೆ. ಆದರೆ ಅದೂ ಒಂದು ಪುಟಾಣಿ ಅಯಸ್ಕಾಂತ, ಹಾಗಾಗಿ ಸುಳಿಗಳಿಗೆ ತಾಗಿ ಕೊಂಚ ಓರೆಯಾಗಿ ಚದುರುತ್ತದೆ. ಮೊದಲೆಲ್ಲ ಸಾಮಾನ್ಯವಾಗಿ ಕ್ಷೇತ್ರವನ್ನು ನ್ಯೂಟ್ರಾನ್ ಕಿರಣಕ್ಕೆ ಅಡ್ಡಲಾಗಿ ಇಡುತ್ತಿದ್ದರು. ಗಾರ್ಶಿಂಗ್‌ನವರು ಕಿರಣದ ಉದ್ದಕ್ಕೇ ಇಟ್ಟರು, ಡಿಟೆಕ್ಟರಿನಲ್ಲಿ ಸುಳಿಗಳ ಸಾಲಿನ ಗುರುತಾಗಿ ಆರು ಚುಕ್ಕಿ ಮೂಡಿದವು. ಅದು ಪ್ರಕಟವಾದದ್ದು 2009ರಲ್ಲಿ. ನಾನು ಹೋದದ್ದು ಆಮೇಲೆ, ಆದರೂ ಆ ಆರು ಚುಕ್ಕಿ ನನ್ನ ಕಣ್ಣೆದುರೇ ಮೂಡಿದ ರಾತ್ರಿ ನಾನು ಮಲಗಲಿಲ್ಲ.

ರಜೆಗೆ ಬಂದಾಗ ಮೇಷ್ಟ್ರ ಮನೆ ಜಗಲಿಯಲ್ಲಿ ಕೂತು ಇದನ್ನೆಲ್ಲ ಜಂಬದಿಂದ ಹೇಳಿದೆ. "ಆರೇ ಯಾಕೆ? ನಾಲ್ಕು ಯಾಕಲ್ಲ?" ಅಂದರು. ಸುಳಿಗಳು ತ್ರಿಕೋನವಾಗಿ ಒತ್ತೊತ್ತಾಗಿ ಕೂರುತ್ತವೆ ಸಾರ್, ಅದಕ್ಕೆ ಅಂದೆ. ತಲೆಯಾಡಿಸಿದರು. ಕಾಫಿ ಮುಗಿಸಿ, ಲೋಟ ಕೆಳಗಿಟ್ಟು ಕೇಳಿದರು: "ಅಲ್ಲಯ್ಯಾ, ಕ್ಷೇತ್ರವನ್ನ ಸುಮ್ನೆ ಹಿಂಗೆ ತಿರುಗಿಸಿ ನೋಡೋಕೆ 2009ರವರೆಗೂ ಕಾಯ್ತಿದ್ರಾ?"